ಉಚಿತ ಆನ್‌ಲೈನ್ ಕಲನಶಾಸ್ತ್ರ ಸಾಧನಗಳ ಪರೀಕ್ಷೆ: ಚಿಟಗುಪ್ಪ ಭಾಗದ ಸ್ವಯಂಸೇವಕರಿಗೆ ಹಾಗೂ ಸ್ವಯಂಸೇವಕರನ್ನು ಹುಡುಕುವವರಿಗೆ ಮಾಹಿತಿ

1. ಪೀಠಿಕೆ

ಗಣಿತ ಕಲಿಕೆಗೆ ನೆರವಾಗುವ ಅನೇಕ ಸಾಧನಗಳು ಇಂದು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತಿವೆ. ಇಂತಹ ಸಾಧನಗಳನ್ನು ಸಿದ್ಧಪಡಿಸುವವರು ಅವುಗಳನ್ನು ಬಳಸಿ ನೋಡಿ ದೋಷಗಳನ್ನು ತಿಳಿಸುವ ಸ್ವಯಂಸೇವಕರ ಸಹಾಯವನ್ನು ಕೋರುವುದುಂಟು. ಈ ಕಾರ್ಯದಲ್ಲಿ ಯಾರು ಭಾಗವಹಿಸಬಹುದು, ಏನನ್ನು ಪರೀಕ್ಷಿಸಬೇಕು, ಯಾವ ಎಚ್ಚರಿಕೆ ವಹಿಸಬೇಕು ಎಂಬ ವಿವರಗಳನ್ನು ಬೀದರ್ ಜಿಲ್ಲೆಯ ಚಿಟಗುಪ್ಪ, ಹುಮನಾಬಾದ್ ಮತ್ತು ಬಸವಕಲ್ಯಾಣ ತಾಲ್ಲೂಕುಗಳ ವಿದ್ಯಾರ್ಥಿಗಳು, ಪೋಷಕರು ಹಾಗೂ ಶಿಕ್ಷಕರ ಅವಗಾಹನೆಗಾಗಿ ಇಲ್ಲಿ ನೀಡಲಾಗಿದೆ. ಇದು ಯಾವುದೇ ಹುದ್ದೆಯ ನೇಮಕಾತಿ ಪ್ರಕಟಣೆಯಲ್ಲ.

2. ಈ ವಿಷಯದ ಮಹತ್ವ

ರಾಜ್ಯದಲ್ಲಿ ಬಳಕೆಯಲ್ಲಿರುವ ಎನ್.ಸಿ.ಇ.ಆರ್.ಟಿ. ಪಠ್ಯಕ್ರಮದಂತೆ ದ್ವಿತೀಯ ಪಿ.ಯು.ಸಿ. ಗಣಿತದ 13 ಅಧ್ಯಾಯಗಳ ಪೈಕಿ 5 ಅಧ್ಯಾಯಗಳು ಕಲನಶಾಸ್ತ್ರಕ್ಕೆ, ಅಂದರೆ ಕ್ಯಾಲ್ಕುಲಸ್‌ಗೆ ಸೇರಿವೆ. ಇಂಜಿನಿಯರಿಂಗ್ ಪ್ರವೇಶಕ್ಕಾಗಿ ನಡೆಯುವ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಗಣಿತಕ್ಕೆ 60 ಅಂಕಗಳಿದ್ದು, ಅದರಲ್ಲಿಯೂ ಈ ಅಧ್ಯಾಯಗಳಿಂದ ಪ್ರಶ್ನೆಗಳು ಬರುತ್ತವೆ.

ಸಂವಿಧಾನದ 371(ಜೆ) ವಿಧಿಯ ಅನ್ವಯ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಹಾಗೂ ರಾಜ್ಯಮಟ್ಟದಲ್ಲಿ ಶೇ. 8ರಷ್ಟು ಸೀಟುಗಳ ಮೀಸಲಾತಿ ಇದೆ. ಆದರೆ ಸೀಟು ದೊರೆತ ಮಾತ್ರಕ್ಕೆ ಕಲಿಕೆಯ ಕೊರತೆ ನೀಗುವುದಿಲ್ಲ. ಇಂಜಿನಿಯರಿಂಗ್ ಪದವಿಯ ಮೊದಲ ವರ್ಷದಲ್ಲಿಯೇ ಕಲನಶಾಸ್ತ್ರ ಮತ್ತೆ ಎದುರಾಗುತ್ತದೆ. ಖಾಸಗಿ ಬೋಧನೆಗೆ ಹಣ ತೆರಲಾಗದ ಕುಟುಂಬದ ವಿದ್ಯಾರ್ಥಿಗೆ ಉಚಿತ ಸಾಧನವೊಂದು ನಿಜವಾದ ಆಸರೆಯಾಗಬಲ್ಲದು. ಅದೇ ಸಾಧನವು ತಪ್ಪು ಉತ್ತರ ನೀಡಿದಲ್ಲಿ, ಅಥವಾ ಸರಿಯಾದ ಉತ್ತರವನ್ನು ತಪ್ಪೆಂದು ತೋರಿಸಿದಲ್ಲಿ, ತಿದ್ದಿ ಹೇಳಲು ಮನೆಯಲ್ಲಿ ಯಾರೂ ಇಲ್ಲದ ವಿದ್ಯಾರ್ಥಿಗೇ ಹೆಚ್ಚಿನ ಹಾನಿಯಾಗುತ್ತದೆ. ಆದುದರಿಂದ ಪರೀಕ್ಷಾರ್ಥ ಬಳಕೆಯು ಇಂತಹ ವಿದ್ಯಾರ್ಥಿಗಳಿರುವ ಊರುಗಳಲ್ಲಿಯೇ ನಡೆಯುವುದು ಅಗತ್ಯ.

3. ಈಗಾಗಲೇ ಲಭ್ಯವಿರುವ ಕೆಲವು ಸಾಧನಗಳು

ಅ) ಜಿಯೋಜೀಬ್ರಾ: ಆಸ್ಟ್ರಿಯದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಅವರು 2001ರಲ್ಲಿ ಆರಂಭಿಸಿದ ತಂತ್ರಾಂಶ. ವಕ್ರರೇಖೆ, ಸ್ಪರ್ಶಕ, ರೇಖೆಯ ಕೆಳಗಿನ ವಿಸ್ತೀರ್ಣ ಮುಂತಾದವುಗಳನ್ನು ಚಿತ್ರದ ಮೂಲಕ ತೋರಿಸುತ್ತದೆ.

ಆ) ಮ್ಯಾಕ್ಸಿಮಾ: ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ 1960ರ ದಶಕದ ಕೊನೆಯಲ್ಲಿ ಆರಂಭವಾದ ಮ್ಯಾಕ್ಸಿಮಾದ ಪೂರ್ವರೂಪದಿಂದ ಬೆಳೆದುಬಂದ ಮುಕ್ತ ತಂತ್ರಾಂಶ. ಬೀಜಗಣಿತದ ರೂಪದಲ್ಲಿಯೇ ಅವಕಲನ ಮತ್ತು ಅನುಕಲನ ಮಾಡುತ್ತದೆ.

ಇ) ಸ್ಟ್ಯಾಕ್: ಮ್ಯಾಕ್ಸಿಮಾವನ್ನು ಆಧರಿಸಿ, ವಿದ್ಯಾರ್ಥಿಯು ಬರೆದ ಉತ್ತರವನ್ನು ಪರಿಶೀಲಿಸುವ ವ್ಯವಸ್ಥೆ. ಕ್ರಿಸ್ ಸ್ಯಾಂಗ್ವಿನ್ ಅವರು ಬ್ರಿಟನ್ನಿನಲ್ಲಿ ಇದನ್ನು ರೂಪಿಸಿದರು.

ಈ) ಫೆಟ್: ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ ಅವರು 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಯೋಜನೆ. ಇದರ ವಿಜ್ಞಾನ ಮತ್ತು ಗಣಿತದ ಪ್ರಾತ್ಯಕ್ಷಿಕೆಗಳಲ್ಲಿ ಕಲನಶಾಸ್ತ್ರದ ನಕ್ಷೆಗಳಿಗಾಗಿಯೇ ಒಂದು ಪ್ರತ್ಯೇಕ ಪ್ರಾತ್ಯಕ್ಷಿಕೆ ಇದೆ.

ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ, ಡಿ.ಎಸ್.ಇ.ಆರ್.ಟಿ. ಹಾಗೂ ಐ.ಟಿ. ಫಾರ್ ಚೇಂಜ್ ಸಂಸ್ಥೆಯ ಸಹಯೋಗದಲ್ಲಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಯೋಜನೆ ರೂಪುಗೊಂಡಿತು. ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ತಾವೇ ಡಿಜಿಟಲ್ ಪಾಠ ಸಾಮಗ್ರಿ ರಚಿಸಿ, ಪರಸ್ಪರ ಪರಿಶೀಲಿಸಿ, ತಿದ್ದಿಕೊಳ್ಳುವ ಕ್ರಮ ಅದರಲ್ಲಿತ್ತು. ಬಳಸುವವರೇ ಪರೀಕ್ಷಕರೂ ಆಗಬಹುದೆಂಬುದಕ್ಕೆ ಇದು ಸಮೀಪದ ಉದಾಹರಣೆ.

4. ಎಷ್ಟು ಮಂದಿ ಸ್ವಯಂಸೇವಕರು ಬೇಕಾಗುತ್ತಾರೆ?

ನೂರಾರು ಮಂದಿ ಬೇಕೆಂಬ ಭಾವನೆ ಸಾಮಾನ್ಯ. ವಾಸ್ತವವಾಗಿ ಕೆಲವೇ ಮಂದಿ ಸಾಕು. ಬಳಕೆಯ ದೋಷಗಳ ಕುರಿತು ಅಧ್ಯಯನ ನಡೆಸಿದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ ಅವರು 1993ರಲ್ಲಿ ಪ್ರಕಟಿಸಿದ ಲೆಕ್ಕಾಚಾರದ ಆಧಾರದಲ್ಲಿ, ಒಬ್ಬ ಬಳಕೆದಾರನು ಸರಾಸರಿ ಶೇ. 31ರಷ್ಟು ದೋಷಗಳನ್ನು ಹೊರಗೆಡಹುತ್ತಾನೆ ಎಂದಿಟ್ಟುಕೊಂಡರೆ, 5 ಮಂದಿ ಸೇರಿ ಶೇ. 84ರಷ್ಟು ದೋಷಗಳನ್ನು ಹೊರಗೆಡಹುತ್ತಾರೆ. ಉಳಿದವುಗಳಿಗಾಗಿ ಸಾಧನವನ್ನು ತಿದ್ದಿದ ಬಳಿಕ ಮತ್ತೊಂದು ಸಣ್ಣ ತಂಡದಿಂದ ಪರೀಕ್ಷಿಸುವುದು ಮೇಲು. ಫೆಟ್ ಯೋಜನೆಯಲ್ಲಿಯೂ ಕೆಲವೇ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ, ಮನಸ್ಸಿನಲ್ಲಿ ಬಂದುದನ್ನು ಬಾಯಿಬಿಟ್ಟು ಹೇಳುತ್ತಾ ಬಳಸುವಂತೆ ಕೇಳಿಕೊಳ್ಳುವ ಪದ್ಧತಿ ಇದೆ.

ಆದರೆ ಈ ಲೆಕ್ಕ ಒಂದೇ ಬಗೆಯ ಬಳಕೆದಾರರಿಗೆ ಮಾತ್ರ ಅನ್ವಯಿಸುತ್ತದೆ. ಚಿಟಗುಪ್ಪ ಭಾಗದಲ್ಲಿ ಕನ್ನಡ, ಉರ್ದು, ಮರಾಠಿ ಮಾಧ್ಯಮಗಳಲ್ಲಿ ಪ್ರೌಢಶಾಲೆ ಮುಗಿಸಿ, ಪಿ.ಯು.ಸಿ. ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದುವ ವಿದ್ಯಾರ್ಥಿಗಳಿದ್ದಾರೆ. ಗಣಕಯಂತ್ರವಿಲ್ಲದೆ ಮೊಬೈಲ್ ಫೋನನ್ನೇ ಅವಲಂಬಿಸಿದವರೂ ಇದ್ದಾರೆ. ಇವರಲ್ಲಿ ಪ್ರತಿ ಗುಂಪಿನಿಂದಲೂ 3ರಿಂದ 5 ಮಂದಿಯನ್ನು ಆರಿಸಿಕೊಳ್ಳತಕ್ಕದ್ದು. ತರಗತಿಯ ಮೊದಲ ಶ್ರೇಣಿಯವರನ್ನೇ ಕಳುಹಿಸುವುದು ಸರಿಯಾದ ಕ್ರಮವಲ್ಲ. ಸಾಧನದ ಅಗತ್ಯ ಹೆಚ್ಚಾಗಿರುವುದು ಕಷ್ಟಪಟ್ಟು ಉತ್ತೀರ್ಣರಾಗುವವರಿಗೆ. ದೋಷಗಳು ಬೇಗ ಕಾಣುವುದೂ ಅವರ ಬಳಕೆಯಲ್ಲಿಯೇ.

5. ಯಾರು ಸ್ವಯಂಸೇವಕರಾಗಬಹುದು?

ಅ) ಪ್ರಥಮ ಅಥವಾ ದ್ವಿತೀಯ ಪಿ.ಯು.ಸಿ. ವಿಜ್ಞಾನ, ಡಿಪ್ಲೊಮಾ, ಬಿ.ಎಸ್ಸಿ. ಅಥವಾ ಇಂಜಿನಿಯರಿಂಗ್ ವಿದ್ಯಾರ್ಥಿಗಳು.
ಆ) ಗಣಿತ ಉಪನ್ಯಾಸಕರು ಮತ್ತು ಶಿಕ್ಷಕರು, ನಿವೃತ್ತರೂ ಸೇರಿದಂತೆ.
ಇ) ಓದು ನಿಲ್ಲಿಸಿ ಮತ್ತೆ ಪರೀಕ್ಷೆಗೆ ಸಿದ್ಧರಾಗುತ್ತಿರುವವರು.
ಈ) ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳು. ಪರದೆಯ ಮೇಲಿನ ಸೂತ್ರಗಳನ್ನು ಓದಿ ಹೇಳುವ ತಂತ್ರಾಂಶವು ಸರಿಯಾಗಿ ಓದುತ್ತಿದೆಯೇ ಎಂಬುದನ್ನು ಅವರಷ್ಟು ನಿಖರವಾಗಿ ಬೇರಾರೂ ಪರೀಕ್ಷಿಸಲಾರರು.

ತಂತ್ರಾಂಶ ರಚನೆಯ ಜ್ಞಾನ ಅಗತ್ಯವಿಲ್ಲ.

6. ಏನನ್ನು ಪರೀಕ್ಷಿಸಬೇಕು?

ಉತ್ತರ ಮೊದಲೇ ತಿಳಿದಿರುವ ಲೆಕ್ಕಗಳಿಂದ ಆರಂಭಿಸತಕ್ಕದ್ದು. ಕೆಳಗಿನ 6 ಪರೀಕ್ಷೆಗಳು ಉಪಯುಕ್ತವಾಗಿವೆ.

(1) ಲಾಗ್: ಲಾಗ್ 10ರ ಬೆಲೆ ಎಷ್ಟು ಬರುತ್ತದೆ ಎಂದು ನೋಡುವುದು. 1 ಬಂದರೆ ಸಾಧನವು 10ನ್ನು ಆಧಾರವಾಗಿ ಬಳಸುತ್ತಿದೆ, 2.302 ಬಂದರೆ ಸ್ವಾಭಾವಿಕ ಲಾಗ್ ಬಳಸುತ್ತಿದೆ. ಪಿ.ಯು.ಸಿ. ಪಠ್ಯದ ಕಲನಶಾಸ್ತ್ರದಲ್ಲಿ ಲಾಗ್ ಎಂದರೆ ಸ್ವಾಭಾವಿಕ ಲಾಗ್. ಈ ವ್ಯತ್ಯಾಸವನ್ನು ಸಾಧನವು ಸ್ಪಷ್ಟಪಡಿಸದಿದ್ದರೆ ವಿದ್ಯಾರ್ಥಿಯ ಪ್ರತಿಯೊಂದು ಉತ್ತರವೂ ತಪ್ಪಾಗಿ ಕಾಣುತ್ತದೆ.

(2) ಕೋನದ ಅಳತೆ: ಸೈನ್ ಎಕ್ಸ್‌ನ ಅವಕಲನವು ಸೊನ್ನೆಯಲ್ಲಿ 1 ಆಗಿರಬೇಕು. 0.01745 ಬಂದರೆ ಸಾಧನವು ರೇಡಿಯನ್ ಬದಲು ಡಿಗ್ರಿಯನ್ನು ಬಳಸುತ್ತಿದೆ.

(3) ಅವಕಲನವಿಲ್ಲದ ಬಿಂದು: ಎಕ್ಸ್‌ನ ಮಾಡ್ಯುಲಸ್‌ಗೆ ಸೊನ್ನೆಯಲ್ಲಿ ಅವಕಲನವಿಲ್ಲ. ಅತ್ತಿತ್ತಲಿನ ಎರಡು ಬಿಂದುಗಳ ಸರಾಸರಿ ಇಳಿಜಾರನ್ನು ತೆಗೆದುಕೊಳ್ಳುವ ಸಾಧನವು ಇಲ್ಲಿ ಸೊನ್ನೆ ಎಂಬ ತಪ್ಪು ಉತ್ತರ ನೀಡುತ್ತದೆ.

(4) ಮಿತಿಯುಳ್ಳ ಅನುಕಲನ: ಎಕ್ಸ್‌ನ ವ್ಯುತ್ಕ್ರಮವನ್ನು ಋಣ 1ರಿಂದ ಧನ 1ರವರೆಗೆ ಅನುಕಲಿಸಲು ಕೇಳುವುದು. ನಡುವೆ ಸೊನ್ನೆಯಲ್ಲಿ ಈ ಫಲನಕ್ಕೆ ಬೆಲೆಯೇ ಇಲ್ಲದ ಕಾರಣ ಸಾಧನವು ಎಚ್ಚರಿಕೆ ನೀಡಬೇಕು.

(5) ಸಮಾನ ಉತ್ತರಗಳು: ಸೈನ್ ಎಕ್ಸ್ ಮತ್ತು ಕಾಸ್ ಎಕ್ಸ್‌ಗಳ ಗುಣಲಬ್ಧವನ್ನು ಅನುಕಲಿಸಿದರೆ ಒಬ್ಬರಿಗೆ ಸೈನ್ ವರ್ಗದ ಅರ್ಧ, ಮತ್ತೊಬ್ಬರಿಗೆ ಕಾಸ್ ವರ್ಗದ ಅರ್ಧದ ಋಣ ಬೆಲೆ ಬರುತ್ತದೆ. ಎರಡರ ನಡುವಿನ ವ್ಯತ್ಯಾಸ ಒಂದು ಸ್ಥಿರಾಂಕ ಮಾತ್ರ. ಸ್ಥಿರಾಂಕವನ್ನು ಸೇರಿಸಿ ಬರೆದಾಗ ಎರಡೂ ಸರಿ. ಸಾಧನವು ಎರಡನ್ನೂ ಒಪ್ಪಬೇಕು.

(6) ಕನ್ನಡ ಪದಗಳು: ಗಣಿತವನ್ನು ಕನ್ನಡದಲ್ಲಿ ಬರೆಯುವ ಪರಂಪರೆ 12ನೆಯ ಶತಮಾನದ ರಾಜಾದಿತ್ಯನ 'ವ್ಯವಹಾರಗಣಿತ'ದಷ್ಟು ಹಳೆಯದು. ಆದರೆ ಕಲನಶಾಸ್ತ್ರದ ಪದಗಳು ಇನ್ನೂ ಪೂರ್ಣವಾಗಿ ನೆಲೆಗೊಂಡಿಲ್ಲ. ಫಂಕ್ಷನ್ ಎಂಬುದಕ್ಕೆ ಫಲನ, ಉತ್ಪನ್ನ ಎಂಬ ಎರಡೂ ಪದಗಳಿವೆ. ಯಂತ್ರಾನುವಾದವು ಗುಣಲಬ್ಧದ ನಿಯಮವನ್ನು 'ಉತ್ಪನ್ನದ ನಿಯಮ' ಎಂದು ಬರೆದರೆ ವಿದ್ಯಾರ್ಥಿಗೆ ಅರ್ಥವೇ ಬೇರೆಯಾಗುತ್ತದೆ. ಇಂತಹ ಸ್ಥಳಗಳನ್ನು ಗುರುತಿಸಬಲ್ಲವರು ಕನ್ನಡದಲ್ಲಿ ಓದಿದವರು ಮಾತ್ರ.

ಇವುಗಳೊಂದಿಗೆ ಮೊಬೈಲ್ ಪರದೆಯಲ್ಲಿ ಭಿನ್ನರಾಶಿ ಮತ್ತು ಘಾತಾಂಕಗಳನ್ನು ಬರೆಯಲು ಸಾಧ್ಯವೇ, ಸಂಪರ್ಕ ಕಡಿತಗೊಂಡಾಗ ಬರೆದ ಕೆಲಸ ಉಳಿಯುತ್ತದೆಯೇ, ಕನ್ನಡದ ಒತ್ತಕ್ಷರಗಳು ಒಡೆಯದೆ ಕಾಣುತ್ತವೆಯೇ ಎಂಬುದನ್ನೂ ನೋಡತಕ್ಕದ್ದು.

7. ವರದಿ ಸಲ್ಲಿಸುವ ವಿಧಾನ

'ಸರಿಯಾಗಿ ಕೆಲಸ ಮಾಡುತ್ತಿಲ್ಲ' ಎಂಬ ಒಂದು ಸಾಲಿನಿಂದ ಪ್ರಯೋಜನವಾಗುವುದಿಲ್ಲ. ವರದಿಯಲ್ಲಿ ಕೆಳಕಂಡ 5 ಅಂಶಗಳಿರಬೇಕು: ಟೈಪ್ ಮಾಡಿದ ಲೆಕ್ಕ ಯಥಾವತ್ತಾಗಿ; ನಿರೀಕ್ಷಿಸಿದ ಉತ್ತರ; ಬಂದ ಉತ್ತರ; ಬಳಸಿದ ಫೋನ್ ಅಥವಾ ಗಣಕಯಂತ್ರ ಮತ್ತು ಬ್ರೌಸರ್‌ನ ಹೆಸರು; ದಿನಾಂಕ ಮತ್ತು ಸಮಯ. ಎಲ್ಲಿ ಗೊಂದಲವಾಯಿತು, ಎಷ್ಟು ಹೊತ್ತು ತಡೆಯಾಯಿತು ಎಂಬುದನ್ನೂ ಬರೆಯಬಹುದು. ಗೊಂದಲವಾದುದು ಬಳಕೆದಾರನ ಅಜ್ಞಾನವೆಂದು ತಿಳಿದು ಬಿಟ್ಟುಬಿಡಬಾರದು; ಪರೀಕ್ಷೆಗೆ ಒಳಪಟ್ಟಿರುವುದು ಸಾಧನವೇ ಹೊರತು ವಿದ್ಯಾರ್ಥಿಯಲ್ಲ.

8. ಸ್ವಯಂಸೇವಕರನ್ನು ಹುಡುಕುವವರು ಅನುಸರಿಸಬೇಕಾದ ಕ್ರಮ

ಅ) ಕಾಲೇಜಿನ ವಿದ್ಯಾರ್ಥಿಗಳನ್ನು ಸಂಪರ್ಕಿಸುವ ಮುನ್ನ ಪ್ರಾಂಶುಪಾಲರಿಗೆ ಬಿಳಿ ಹಾಳೆಯಲ್ಲಿ ಲಿಖಿತ ಮನವಿ ಸಲ್ಲಿಸಿ ಅನುಮತಿ ಪಡೆಯುವುದು. ಮನವಿಯಲ್ಲಿ ಸಾಧನದ ಹೆಸರು, ಉದ್ದೇಶ, ಬೇಕಾದ ವಿದ್ಯಾರ್ಥಿಗಳ ಸಂಖ್ಯೆ, ತಗಲುವ ಸಮಯ ಹಾಗೂ ಸಂಗ್ರಹಿಸುವ ಮಾಹಿತಿಯ ವಿವರ ಇರಬೇಕು.
ಆ) ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರಲ್ಲಿ 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಲಾಗಿದ್ದು, ಅವರ ಮಾಹಿತಿ ಬಳಕೆಗೆ ಪೋಷಕರ ಸಮ್ಮತಿಯನ್ನು ಕಾಯ್ದೆ ಬಯಸುತ್ತದೆ. ಪಿ.ಯು.ಸಿ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಈ ವಯೋಮಿತಿಗೆ ಸೇರಿರುವುದರಿಂದ ಪೋಷಕರ ಸಮ್ಮತಿಯನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಬರಹದ ಮೂಲಕ ಪಡೆಯತಕ್ಕದ್ದು.
ಇ) ಪರೀಕ್ಷೆಗಳು ಸಮೀಪಿಸಿರುವ ತಿಂಗಳುಗಳಲ್ಲಿ ವಿದ್ಯಾರ್ಥಿಗಳ ಸಮಯ ಕೇಳದಿರುವುದು ಒಳಿತು.
ಈ) ಮನೆಯಲ್ಲಿ ಸಂಪರ್ಕ ಇಲ್ಲದವರಿಗಾಗಿ ಕಾಲೇಜಿನ ಗಣಕ ಪ್ರಯೋಗಾಲಯ, ಸಾರ್ವಜನಿಕ ಗ್ರಂಥಾಲಯ ಅಥವಾ ಡಿಜಿಟಲ್ ಸೌಲಭ್ಯವಿರುವ ಗ್ರಾಮ ಪಂಚಾಯಿತಿ ಅರಿವು ಕೇಂದ್ರದ ಬಳಕೆಗೆ ಸಂಬಂಧಿಸಿದವರನ್ನು ಕೋರಬಹುದು.
ಉ) ತಿದ್ದುಪಡಿಯಾದ ಬಳಿಕ, ಯಾವ ದೋಷವನ್ನು ಸರಿಪಡಿಸಲಾಯಿತು ಎಂಬುದನ್ನು ಸ್ವಯಂಸೇವಕರಿಗೆ ತಿಳಿಸುವುದು.

9. ಎಚ್ಚರಿಕೆಗಳು

ಗಣಿತ ಸಾಧನದ ಪರೀಕ್ಷೆಗೆ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಅಥವಾ ಮೊಬೈಲ್‌ಗೆ ಬರುವ ಓ.ಟಿ.ಪಿ. ಅಗತ್ಯವಿಲ್ಲ. ನೋಂದಣಿ ಶುಲ್ಕ ಕೇಳುವವರನ್ನು ಅಥವಾ ಪ್ರಮಾಣಪತ್ರಕ್ಕೆ ಹಣ ಕೇಳುವವರನ್ನು ನಂಬಬಾರದು. ಹಣಕ್ಕೆ ಸಂಬಂಧಿಸಿದ ವಂಚನೆ ನಡೆದಲ್ಲಿ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡತಕ್ಕದ್ದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮಧ್ಯದಲ್ಲಿ ಬಿಟ್ಟುಬಿಡಬಹುದೇ?
ಉತ್ತರ: ಬಿಡಬಹುದು. ಸ್ವಯಂಸೇವೆಯು ಸ್ವಇಚ್ಛೆಗೆ ಒಳಪಟ್ಟಿರುತ್ತದೆ. ಕಾರಣ ನೀಡಬೇಕಾಗಿಲ್ಲ.

ಪ್ರಶ್ನೆ: ಭಾಗವಹಿಸದಿದ್ದರೆ ಆಂತರಿಕ ಅಂಕಗಳಿಗೆ ಧಕ್ಕೆಯಾಗುತ್ತದೆಯೇ?
ಉತ್ತರ: ಅಂಕಗಳಿಗೂ ಇಂತಹ ಪರೀಕ್ಷೆಗೂ ಸಂಬಂಧವಿರಬಾರದು. ಹಾಗೆ ಸಂಬಂಧ ಕಲ್ಪಿಸಿದಲ್ಲಿ ಪೋಷಕರು ಪ್ರಾಂಶುಪಾಲರ ಗಮನಕ್ಕೆ ತರಬಹುದು.

ಪ್ರಶ್ನೆ: ಗಣಿತದಲ್ಲಿ ಹಿಂದುಳಿದವರು ಭಾಗವಹಿಸಿದರೆ ಪ್ರಯೋಜನವೇನು?
ಉತ್ತರ: ಅವರಿಗೆ ಅರ್ಥವಾಗುವಂತೆ ತಿದ್ದಿದ ಸಾಧನವು ಎಲ್ಲರಿಗೂ ಅರ್ಥವಾಗುತ್ತದೆ. ಉತ್ತರ ಸರಿಯೇ ತಪ್ಪೇ ಎಂದು ತಾವೇ ಪರಿಶೀಲಿಸುವ ಅಭ್ಯಾಸವು ಅವರ ಕಲಿಕೆಗೂ ನೆರವಾಗುತ್ತದೆ.

ಆಸಕ್ತ ವಿದ್ಯಾರ್ಥಿಗಳು ಮೊದಲಿಗೆ ತಮ್ಮ ಕಾಲೇಜಿನ ಗಣಿತ ಉಪನ್ಯಾಸಕರನ್ನು ಸಂಪರ್ಕಿಸಿ, ಮೇಲಿನ 6 ಪರೀಕ್ಷೆಗಳನ್ನು ಯಾವುದಾದರೊಂದು ಉಚಿತ ಸಾಧನದಲ್ಲಿ ಮಾಡಿ ನೋಡಬಹುದು.