ಸಂಬಳದ ಚೀಟಿ ನಿಂತಾಗ ಮನೆಯ ಪತ್ರದ ಗತಿ

ಮನೆಸಾಲ ಕೊಡುವ ಬ್ಯಾಂಕು ಮುಖ್ಯವಾಗಿ ಎರಡು ಕಾಗದಗಳನ್ನು ನೋಡುತ್ತದೆ: ಒಂದು ಮನೆಯ ನೋಂದಾಯಿತ ಕ್ರಯಪತ್ರ, ಇನ್ನೊಂದು ಸಂಬಳದ ಚೀಟಿ. ಕ್ರಯಪತ್ರವನ್ನು ಬ್ಯಾಂಕಿನ ವಶಕ್ಕೆ ಒಪ್ಪಿಸಿ ಸಾಲ ಪಡೆಯುವ ಏರ್ಪಾಟನ್ನು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೆಯ ಕಲಮು ಹಕ್ಕುಪತ್ರ ಠೇವಣಿಯ ಅಡಮಾನ ಎಂದು ಗುರುತಿಸುತ್ತದೆ. ಇದರಲ್ಲಿ ಮನೆಯವರು ಮನೆಯಲ್ಲೇ ಇರುತ್ತಾರೆ, ಪತ್ರ ಮಾತ್ರ ಸಾಲ ತೀರುವವರೆಗೆ ಬ್ಯಾಂಕಿನ ಕಪಾಟಿನಲ್ಲಿರುತ್ತದೆ. ಸಂಬಳದ ಚೀಟಿ ನಿಂತ ತಿಂಗಳಿನಿಂದ ಆ ಪತ್ರ ಮರಳಿ ಬರುವುದೇ ಅನುಮಾನವಾಗುತ್ತದೆ.

ಈ ಅನುಮಾನಕ್ಕೆ ತೆಲಂಗಾಣದ ಗಡಿಸೀಮೆಯ ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಕನ್ನಡ ಕುಟುಂಬಗಳೂ ಈಗ ಹೊರತಲ್ಲ. 1956ರ ನವೆಂಬರ್ 1ರವರೆಗೆ ಮೊದಲೆರಡು ಊರುಗಳು ಬೀದರ್ ಜಿಲ್ಲೆಯಲ್ಲೂ ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲೂ ಇದ್ದವು. ಬೇಸಾಯವನ್ನೇ ನೆಚ್ಚಿದ್ದ ಈ ಸೀಮೆಯಲ್ಲಿ ಜಹೀರಾಬಾದಿನ ಟ್ರ್ಯಾಕ್ಟರ್ ಕಾರ್ಖಾನೆ, ತಾಂಡೂರಿನ ಸಿಮೆಂಟ್ ಕಾರ್ಖಾನೆ ಮತ್ತು ಹಾಸುಗಲ್ಲಿನ ಪಾಲಿಶ್ ಘಟಕಗಳು ತಿಂಗಳ ಸಂಬಳದ ಬದುಕನ್ನು ತಂದವು, ಅದರ ಬೆನ್ನಿಗೆ ಮನೆಸಾಲದ ಕಂತೂ ಬಂತು.

ಕೆಲಸ ಕಳೆದುಕೊಂಡವರ ಮನೆಕಂತನ್ನು ಸರ್ಕಾರವೇ ಕಟ್ಟುವ ಪದ್ಧತಿ ಭಾರತದಲ್ಲಿಲ್ಲ. ಅಮೆರಿಕವು 2021ರಲ್ಲಿ ಸುಮಾರು 1,000 ಕೋಟಿ ಡಾಲರುಗಳ ನಿಧಿಯೊಂದನ್ನು ಇಂಥ ನೆರವಿಗೆಂದು ತೆಗೆದಿರಿಸಿತ್ತು. ಬ್ರಿಟನ್ನು ಅಡಮಾನದ ಬಡ್ಡಿಗೆ ಕೊಡುತ್ತಿದ್ದ ನೆರವನ್ನು 2018ರ ಏಪ್ರಿಲಿನಿಂದ ಹಿಂದಿರುಗಿಸಬೇಕಾದ ಸಾಲವಾಗಿ ಮಾರ್ಪಡಿಸಿತು. ನಮ್ಮಲ್ಲಿ ಇವಕ್ಕೆ ಹತ್ತಿರವಾದವುಗಳಲ್ಲಿ ಒಂದು, ಇಎಸ್‌ಐ ನಿಗಮವು, ಅಂದರೆ ಕಾರ್ಮಿಕರ ರಾಜ್ಯ ವಿಮಾ ನಿಗಮವು, 2018ರ ಜುಲೈಯಲ್ಲಿ ಆರಂಭಿಸಿದ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ. ನಿರುದ್ಯೋಗಿ ವಿಮಾದಾರನಿಗೆ ಜೀವಮಾನದಲ್ಲಿ ಒಮ್ಮೆ, ಹೆಚ್ಚೆಂದರೆ 90 ದಿನ, ಸರಾಸರಿ ವೇತನದ ಕಾಲು ಭಾಗ ಕೊಡುತ್ತಿದ್ದ ಈ ಯೋಜನೆ 2020ರ ಮಾರ್ಚ್ 24ರಿಂದ ಅರ್ಧ ಭಾಗ ಕೊಡತೊಡಗಿತು. ತಿಂಗಳಿಗೆ 20,000 ರೂಪಾಯಿ ಪಡೆಯುತ್ತಿದ್ದ ಕಾರ್ಮಿಕನಿಗೆ ಇದರಿಂದ ಸುಮಾರು 10,000 ಬಂದು, ಅದರಲ್ಲಿ 9,000 ಮನೆಕಂತಿಗೆ ಹೋದರೆ, ಅಕ್ಕಿ ಬೇಳೆಗೆ ಉಳಿಯುವುದು ಒಂದು ಸಾವಿರ.

ಹಣ ಕೊಡದೆ ಕಾಲಾವಕಾಶ ಕೊಡುವುದು ಎರಡನೆಯ ಬಗೆಯ ನೆರವು. ಭಾರತೀಯ ರಿಸರ್ವ್ ಬ್ಯಾಂಕು 2020ರ ಮಾರ್ಚ್ 27ರಂದು ಪ್ರಕಟಿಸಿ, ಆ ವರ್ಷದ ಆಗಸ್ಟ್ 31ರವರೆಗೆ ವಿಸ್ತರಿಸಿದ ಮೊರಟೋರಿಯಂ, ಅಂದರೆ ಕಂತು ಮುಂದೂಡಿಕೆ, ಇದಕ್ಕೆ ದೊಡ್ಡ ಉದಾಹರಣೆ. ಆರು ತಿಂಗಳು ಕಂತು ಕಟ್ಟಬೇಕಾಗಿಲ್ಲವೆಂಬ ಮಾತು ಕಿವಿಗೆ ಇಂಪಾಗಿದ್ದರೂ ಲೆಕ್ಕ ಹಾಕಿದವರಿಗೆ ಅದರ ಇನ್ನೊಂದು ಮುಖ ಕಾಣುತ್ತಿತ್ತು. ಶೇ. 9ರ ಬಡ್ಡಿಗೆ 20 ವರ್ಷಗಳ ಅವಧಿಯ 10 ಲಕ್ಷ ರೂಪಾಯಿ ಸಾಲಕ್ಕೆ ತಿಂಗಳ ಕಂತು ಸುಮಾರು 9,000. ಸಾಲದ ಆರಂಭದಲ್ಲೇ ಆರು ಕಂತು ಮುಂದೂಡಿದರೆ ಸುಮಾರು 45,850 ರೂಪಾಯಿ ಬಡ್ಡಿ ಅಸಲಿಗೆ ಸೇರುತ್ತದೆ, ಕಂತಿನ ಮೊತ್ತವನ್ನು ಹೆಚ್ಚಿಸದೆ ಮುಂದುವರಿದರೆ 240 ಕಂತುಗಳ ಸಾಲ ತೀರಲು 275 ಕಂತುಗಳು ಬೇಕಾಗುತ್ತವೆ. ಆರನ್ನು ಬಿಟ್ಟದ್ದಕ್ಕೆ ಮೂವತ್ತೈದು! ಬಡ್ಡಿಯ ಮೇಲೆ ಬಡ್ಡಿ, ಅಂದರೆ ಚಕ್ರಬಡ್ಡಿ, ಹಾಕುವುದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಯಿತು. ಕೇಂದ್ರ ಸರ್ಕಾರವು 2 ಕೋಟಿ ರೂಪಾಯಿವರೆಗಿನ ಸಾಲಗಳಿಗೆ ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸವನ್ನು ತುಂಬಿಕೊಟ್ಟಿತು. 2021ರ ಮಾರ್ಚ್ 23ರ ತೀರ್ಪು ಎಲ್ಲ ಸಾಲಗಾರರ ಮೇಲಿನ ಚಕ್ರಬಡ್ಡಿಯನ್ನು ತಡೆಯಿತಾದರೂ ಮೂಲ ಬಡ್ಡಿಯನ್ನು ಮನ್ನಾ ಮಾಡಲು ಒಪ್ಪಲಿಲ್ಲ. ಮೇಲಿನ 10 ಲಕ್ಷದ ಸಾಲದಲ್ಲಿ ಆ ವ್ಯತ್ಯಾಸ ಸುಮಾರು 850 ರೂಪಾಯಿ. ಅಷ್ಟು ದೊಡ್ಡ ವ್ಯಾಜ್ಯದಿಂದ ಸಣ್ಣ ಸಾಲಗಾರನ ಪಾಲಿಗೆ ಬಂದದ್ದು ಇಷ್ಟೇ.

ಮುಂದೂಡಿಕೆಯೂ ಸಿಗದವರ ವಿಷಯದಲ್ಲಿ ದಿನಗಳ ಎಣಿಕೆ ಶುರುವಾಗುತ್ತದೆ. ಕಂತು 90 ದಿನಕ್ಕಿಂತ ಹೆಚ್ಚು ಬಾಕಿಯಾದರೆ ಆ ಸಾಲವನ್ನು ಎನ್‌ಪಿಎ, ಅಂದರೆ ಬ್ಯಾಂಕಿಗೆ ಆದಾಯ ತರದ ಸಾಲ, ಎಂದು ಬರೆದುಕೊಳ್ಳಲಾಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕು ಕೋರ್ಟಿಗೆ ಹೋಗದೆಯೇ 60 ದಿನಗಳ ನೋಟಿಸು ಕೊಟ್ಟು ಮನೆಯನ್ನು ಸ್ವಾಧೀನಪಡಿಸಿಕೊಳ್ಳಬಹುದು. ನೋಟಿಸಿಗೆ ಸಾಲಗಾರ ಆಕ್ಷೇಪಣೆ ಬರೆದುಕೊಟ್ಟರೆ, ಅದನ್ನು ಒಪ್ಪದ ಬ್ಯಾಂಕು 15 ದಿನಗಳೊಳಗೆ ಕಾರಣ ತಿಳಿಸಲೇಬೇಕು. ಸ್ವಾಧೀನದ ಕ್ರಮವಾದ ಮೇಲೆ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಯ ಮೊರೆ ಹೋಗಬಹುದು. ಆ ಮಂಡಳಿ ಇರುವುದು ಹೈದರಾಬಾದಿನಲ್ಲಿ, ಜಹೀರಾಬಾದಿನಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ.

ಗಡಿಸೀಮೆಯವರಿಗೆ ಭಾಷೆಯ ತೊಡಕು ಬೇರೆ. ಮನೆಯ ಮಾತು ಕನ್ನಡವಾಗಿ, ಶಾಲೆಯ ಓದು ತೆಲುಗಾಗಿ, ಬ್ಯಾಂಕಿನ ಪತ್ರ ಇಂಗ್ಲಿಷಿನಲ್ಲಿದ್ದರೆ ಅರವತ್ತು ದಿನಗಳಲ್ಲಿ ಮೊದಲ ಹತ್ತು ದಿನ ಅದನ್ನು ಓದಿಸುವುದರಲ್ಲೇ ಕಳೆಯುತ್ತವೆ. ವಸತಿ ಹಣಕಾಸು ಸಂಸ್ಥೆಗಳು ಸಾಲಗಾರರೊಡನೆ ಸ್ಥಳೀಯ ಭಾಷೆಯಲ್ಲಿ ಅಥವಾ ಅವರಿಗೆ ತಿಳಿಯುವ ಭಾಷೆಯಲ್ಲಿ ವ್ಯವಹರಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿದೆಯಾದರೂ, ಕೇಳದವರಿಗೆ ಅದು ದಕ್ಕುವುದು ಕಷ್ಟ.

ಜಹೀರಾಬಾದಿನ ಮಗ್ಗುಲಲ್ಲೇ ಇರುವ ಪಸ್ತಾಪುರದಂಥ ಹಳ್ಳಿಗಳಲ್ಲಿ ಪ್ರಶ್ನೆಯ ಸ್ವರೂಪ ಬೇರೆ. ತಲೆಮಾರುಗಳಿಂದ ವಾಸವಿರುವ ಮನೆಗೆ ನೋಂದಾಯಿತ ಕ್ರಯಪತ್ರವಿಲ್ಲದಿದ್ದರೆ ಮನೆಸಾಲ ಹುಟ್ಟುವುದೇ ಕಷ್ಟ. ಇನ್ನು ಕೃಷಿಭೂಮಿಯ ಅಡಮಾನ ಸರ್ಫೇಸಿ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಹೀಗಾಗಿ ಇಲ್ಲಿ ಕೂಲಿ ನಿಂತಾಗ ಒತ್ತೆಗೆ ಹೋಗುವುದು ಕೊರಳಿನ ಚಿನ್ನ. 1983ರಲ್ಲಿ ಆರಂಭವಾಗಿ ಪಸ್ತಾಪುರದಲ್ಲಿ ನೆಲೆಯೂರಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು 1990ರ ದಶಕದಲ್ಲಿ ಬೀಳು ಭೂಮಿಯನ್ನು ಸಾಗುವಳಿಗೆ ತರಲು ಸಾಲ ಕೊಡಿಸಿ, ಅದನ್ನು ರೊಕ್ಕದ ಬದಲು ಜೋಳದ ರೂಪದಲ್ಲಿ ಕೆಲವು ಸುಗ್ಗಿಗಳಿಗೆ ಹಂಚಿ ವಾಪಸು ಪಡೆದು, ಆ ಜೋಳವನ್ನು ಊರಿನ ಬಡವರಿಗೇ ಕಡಿಮೆ ಬೆಲೆಗೆ ಮಾರಿದವು. ಸಾಲಗಾರನ ಕೈಗೆ ಫಲ ಬಂದಾಗ ಕಂತು ಬರಲೆಂಬ ಈ ತಿಳಿವಳಿಕೆ ಬ್ಯಾಂಕುಗಳ ಮನೆಸಾಲದ ನಿಯಮಗಳಲ್ಲಿ ಅಪರೂಪ.

ಸಾಲದ ಅವಧಿ ಹೆಚ್ಚಿಸುವುದು, ಕೆಲವು ತಿಂಗಳು ಬಡ್ಡಿಯನ್ನಷ್ಟೇ ಪಡೆಯುವುದು ಮುಂತಾದ ಪುನರ್‌ರಚನೆಯ ಕ್ರಮಗಳು ಬ್ಯಾಂಕಿನ ವಿವೇಚನೆಗೆ ಬಿಟ್ಟವಾಗಿದ್ದು, ಕೇಳಿಕೊಳ್ಳದವರಿಗೆ ಅವು ತಾವಾಗಿ ಒದಗುವುದಿಲ್ಲ. ಆದ್ದರಿಂದ ಕೆಲಸ ಹೋದವರು ಮೂರನೆಯ ಕಂತು ತಪ್ಪುವ ಮೊದಲೇ, ಕೆಲಸದಿಂದ ತೆಗೆದ ಪತ್ರವನ್ನೋ ಅದಿಲ್ಲದಿದ್ದರೆ ಸಂಬಳ ನಿಂತದ್ದನ್ನು ತೋರಿಸುವ ಪಾಸ್‌ಬುಕ್ಕಿನ ಪುಟವನ್ನೋ ಲಗತ್ತಿಸಿ, ಶಾಖೆಗೆ ಲಿಖಿತ ಅರ್ಜಿ ಸಲ್ಲಿಸಿ, ತಮ್ಮ ಪ್ರತಿಯ ಮೇಲೆ ತಾರೀಖು ಸಹಿತ ಮೊಹರು ಹಾಕಿಸಿಕೊಳ್ಳಬೇಕು.