ನಿಮಗಿದು ಗೊತ್ತೆ? ಉಗುರಗಲದ ಜಾಗದಲ್ಲಿ ಹಲವು ಟನ್ ಭಾರ

ಮುಂಬೈ ಬಳಿಯ ಠಾಣೆ–ವಾಶಿ ನಡುವೆ 2004ರಲ್ಲಿ ಪ್ರಯಾಣಿಕರಿಗೆ ತೆರೆದ ಟ್ರಾನ್ಸ್‌ಹಾರ್ಬರ್ ಮಾರ್ಗದಲ್ಲಿ ಐರೋಲಿ ನಿಲ್ದಾಣವನ್ನು ಹಾದುಹೋಗುವ ಲೋಕಲ್ ರೈಲಿನ ಪ್ರತಿ ಉಕ್ಕಿನ ಗಾಲಿಯೂ ಹಳಿಯನ್ನು ಮುಟ್ಟುವುದು ಸುಮಾರು ಒಂದು ಚದರ ಸೆಂಟಿಮೀಟರ್, ಅಂದರೆ ಬೆರಳಿನ ಉಗುರಿನಷ್ಟು ಜಾಗದಲ್ಲಿ ಮಾತ್ರ. ಹಲವು ಟನ್ ಭಾರ ಅಷ್ಟರಲ್ಲೇ ಇಳಿಯುವುದರಿಂದ ಅಲ್ಲಿನ ಒತ್ತಡ ವಾತಾವರಣದ ಒತ್ತಡದ ಸಾವಿರಾರು ಪಟ್ಟು ಆಗುತ್ತದೆ.

ಇಂಥ ಸ್ಪರ್ಶದ ಲೆಕ್ಕವನ್ನು ಜರ್ಮನಿಯ ಹೈನ್ರಿಕ್ ಹರ್ಟ್ಸ್, ರೇಡಿಯೊ ತರಂಗಗಳಿಂದ ಹೆಸರಾಗುವ ಮೊದಲೇ, 1880ರ ದಶಕದ ಆರಂಭದಲ್ಲಿ ಬಿಡಿಸಿದ್ದರು. ಆದರೆ ಅವರ ಸೂತ್ರ ಘರ್ಷಣೆಯಿಲ್ಲದ ನುಣುಪು ಮೈಗಳಿಗೆ ಸೀಮಿತ. ಗಾಲಿ ಅಚ್ಚಿಗೆ ಕೂರುವ ಜಾಗದಲ್ಲಿ ಅದು ಸಾಲದು. ಅಲ್ಲಿ ಗಾಲಿಯ ರಂಧ್ರವನ್ನು ಅಚ್ಚಿಗಿಂತ ಕೂದಲೆಳೆಯಷ್ಟು ಕಿರಿದಾಗಿ ಕೊರೆದು, ಅಚ್ಚನ್ನು ಅದರೊಳಗೆ ಬಲವಾಗಿ ಒತ್ತಿ ಕೂರಿಸುವುದರಿಂದ ರೈಲು ಹೊರಡುವ ಮುನ್ನವೇ ಲೋಹದಲ್ಲಿ ಬಿಗಿತ ಹುಟ್ಟಿರುತ್ತದೆ. ಆ ಬಿಗಿತವನ್ನು ವಿವರವಾಗಿ ತಿಳಿಯಲು ಭಾಗಗಳನ್ನು ಸಾವಿರಾರು ಪುಟ್ಟ ತುಣುಕುಗಳಾಗಿ ವಿಂಗಡಿಸಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ‘ಫೈನೈಟ್ ಎಲಿಮೆಂಟ್’ ವಿಧಾನವನ್ನು ಬಳಸುತ್ತಾರೆ. ಇಲ್ಲಿನ ನಿಜವಾದ ತೊಡಕೆಂದರೆ, ಎಷ್ಟು ಜಾಗ ತಾಗುತ್ತದೆಂಬುದು ಬಲವನ್ನೂ, ಬಲದ ಹಂಚಿಕೆ ಆ ಜಾಗವನ್ನೂ ಅವಲಂಬಿಸಿರುವುದರಿಂದ, ಒಂದು ಭಾಗ ಇನ್ನೊಂದರೊಳಗೆ ತೂರದಂತೆ ನೋಡಿಕೊಳ್ಳುತ್ತ ಉತ್ತರ ನೆಲೆಗೊಳ್ಳುವವರೆಗೆ ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ.

ಇನ್ನು ಹಳಿಯ ಮೇಲೆ ಉರುಳುವ ಗಾಲಿಯಲ್ಲಿ ಘರ್ಷಣೆ ಕಡಿಮೆಯಿದ್ದಾಗ, ಪದರಗಳನ್ನು ಜಾರಿಸಲೆತ್ನಿಸುವ ಬಲ ಅತಿ ಹೆಚ್ಚಿರುವುದು ಕಣ್ಣಿಗೆ ಕಾಣುವ ಮೈಯಲ್ಲಲ್ಲ, ಕೆಲವು ಮಿಲಿಮೀಟರ್ ಒಳಗೆ. ಕೆಲವು ಬಿರುಕುಗಳು ಅಲ್ಲಿಂದಲೇ ಶುರುವಾಗುತ್ತವೆ.