ಹೊಟ್ಟೆಯ ಕೊಬ್ಬಿನ ಸ್ಟೆಮ್ ಸೆಲ್‌ನಿಂದ ಸ್ಕ್ಲೆರೋಡರ್ಮಾ ಗುಣವಾಗುತ್ತದೆಯೇ?

"ಸ್ಕ್ಲೆರೋಡರ್ಮಾಗೆ ಇನ್ನು ಮಾತ್ರೆ ಬೇಡ. ನಿಮ್ಮದೇ ಹೊಟ್ಟೆಯ ಕೊಬ್ಬಿನಿಂದ ಸ್ಟೆಮ್ ಸೆಲ್ ತೆಗೆದು ಚುಚ್ಚಿದರೆ ರೋಗ ಬುಡಸಮೇತ ಮಾಯ. ನಿಮ್ಮದೇ ಜೀವಕೋಶ, ಅಡ್ಡಪರಿಣಾಮ ಇಲ್ಲವೇ ಇಲ್ಲ!" ಇಂಥ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಜೊತೆಗೆ ಒಂದು ವಿಡಿಯೊ: ಮೊದಲು ಮಡಚಲಾಗದ ಬೆರಳುಗಳು, ಆಮೇಲೆ ಮುಷ್ಟಿ ಕಟ್ಟುವ ಕೈ. ಇದರಲ್ಲಿ ನಿಜ ಎಷ್ಟು ಎಂದು ನೋಡೋಣ.

ಇದು ಎಂಥ ಕಾಯಿಲೆ?

ರೋಗಾಣುಗಳ ಜೊತೆ ಹೋರಾಡಬೇಕಾದ ನಮ್ಮ ರೋಗನಿರೋಧಕ ವ್ಯವಸ್ಥೆ ಕೆಲವರಲ್ಲಿ ಸ್ವಂತ ದೇಹದ ಮೇಲೆಯೇ ತಿರುಗಿಬೀಳುತ್ತದೆ. ಇಂಥವನ್ನು ಆಟೋಇಮ್ಯೂನ್ ಕಾಯಿಲೆ ಎನ್ನುತ್ತಾರೆ. ಸ್ಕ್ಲೆರೋಡರ್ಮಾ ಅವುಗಳಲ್ಲಿ ಒಂದು. ಇದರಲ್ಲಿ ಸಣ್ಣ ರಕ್ತನಾಳಗಳು ಹಾಳಾಗುತ್ತವೆ, ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ಬೇಕಾದ್ದಕ್ಕಿಂತ ಹೆಚ್ಚು ತುಂಬಿಕೊಂಡು ಚರ್ಮ ಬಿಗಿಯುತ್ತದೆ. ಚಳಿಗೆ ಬೆರಳುಗಳು ಬಿಳಿಚಿಕೊಂಡು ನೀಲಿಯಾಗುತ್ತವೆ, ತುದಿಯಲ್ಲಿ ಹುಣ್ಣಾಗುತ್ತದೆ. ಅನ್ನ ಕಲಸುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು ಕೂಡ ಕಷ್ಟವಾಗುತ್ತದೆ. ಕೆಲವರಲ್ಲಿ ಶ್ವಾಸಕೋಶ, ಮೂತ್ರಪಿಂಡಗಳಿಗೂ ತೊಂದರೆಯಾಗುತ್ತದೆ.

ಕೊಬ್ಬಿನಲ್ಲಿ ಸ್ಟೆಮ್ ಸೆಲ್ ಇರುವುದು ನಿಜವೇ?

ನಿಜ. ಹೊಟ್ಟೆ ಅಥವಾ ತೊಡೆಯಿಂದ ಸ್ವಲ್ಪ ಕೊಬ್ಬನ್ನು ಹೀರಿ ತೆಗೆದು, ಕಿಣ್ವದಿಂದ ಬಿಡಿಸಿ, ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ ಬಗೆಬಗೆಯ ಜೀವಕೋಶಗಳ ಮಿಶ್ರಣ ಸಿಗುತ್ತದೆ. ಅದರಲ್ಲಿ ಸ್ಟೆಮ್ ಸೆಲ್‌ಗಳೂ ಇರುತ್ತವೆ, ಆದರೆ ಅವು ಒಂದು ಪಾಲು ಮಾತ್ರ. ಅವು ಉರಿಯೂತ ತಗ್ಗಿಸುವ, ಹೊಸ ರಕ್ತನಾಳ ಬೆಳೆಯಲು ನೆರವಾಗುವ ರಾಸಾಯನಿಕಗಳನ್ನು ಹೊರಬಿಡುತ್ತವೆ ಎಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಹಾಗಾಗಿ ಈ ಯೋಚನೆಯೇ ಬೋಗಸ್ ಅಲ್ಲ. ವಿಜ್ಞಾನಿಗಳು ಇದನ್ನು ರೋಗಿಗಳ ಮೇಲೆ ಪರೀಕ್ಷಿಸಿಯೂ ನೋಡಿದ್ದಾರೆ.

ಪರೀಕ್ಷೆಯಲ್ಲಿ ಏನಾಯಿತು?

ಫ್ರಾನ್ಸಿನ ಮಾರ್ಸೇ ನಗರದಲ್ಲಿ ಮೊದಲು 12 ಮಹಿಳೆಯರ ಬೆರಳುಗಳಿಗೆ ಈ ಮಿಶ್ರಣವನ್ನು ಚುಚ್ಚಿದರು. ನೋವು ಕಡಿಮೆಯಾಯಿತು, ಕೈ ಚೆನ್ನಾಗಿ ಆಡತೊಡಗಿತು. 2014ರಲ್ಲಿ ಪ್ರಕಟವಾದ ಈ ಫಲಿತಾಂಶ ಆಸೆ ಹುಟ್ಟಿಸಿತು. ಆದರೆ ಅಲ್ಲಿ ಎಲ್ಲರಿಗೂ ಚಿಕಿತ್ಸೆ ಸಿಕ್ಕಿತ್ತು, ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ.

ಮುಂದಿನ ಪರೀಕ್ಷೆಗಳಲ್ಲಿ ಆ ಕೊರತೆ ತುಂಬಿದರು. ಅಮೆರಿಕದಲ್ಲಿ 88 ರೋಗಿಗಳ ದೇಹದಿಂದಲೂ ಕೊಬ್ಬು ತೆಗೆದರು. ಆದರೆ 48 ಜನರಿಗೆ ಮಾತ್ರ ಜೀವಕೋಶಗಳ ಇಂಜೆಕ್ಷನ್ ಕೊಟ್ಟರು. ಉಳಿದ 40 ಜನರಿಗೆ ಕೊಟ್ಟದ್ದು ಜೀವಕೋಶಗಳಿಲ್ಲದ ಹುಸಿ ಇಂಜೆಕ್ಷನ್, ಅಂದರೆ ಪ್ಲಸೀಬೊ. ಯಾರಿಗೆ ಯಾವುದು ಸಿಕ್ಕಿತೆಂದು ರೋಗಿಗಳಿಗೆ ಗೊತ್ತಿರಲಿಲ್ಲ. ಫಲಿತಾಂಶ ಬಂದಾಗ ಎರಡೂ ಗುಂಪಿನವರ ಕೈ ಸುಧಾರಿಸಿತ್ತು! ಜೀವಕೋಶ ಪಡೆದವರಲ್ಲಿ ಸುಧಾರಣೆ ಚೂರು ಹೆಚ್ಚಿದ್ದರೂ, ಆ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದು. 2022ರಲ್ಲಿ ಇದು ಪ್ರಕಟವಾಯಿತು. ಫ್ರಾನ್ಸಿನಲ್ಲಿ 40 ರೋಗಿಗಳ ಮೇಲೆ ಇದೇ ರೀತಿ ನಡೆದ ಇನ್ನೊಂದು ಪರೀಕ್ಷೆಯಲ್ಲೂ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ವಿಡಿಯೊದಲ್ಲಿರುವವರು ಸುಳ್ಳು ಹೇಳುತ್ತಿದ್ದಾರೆಯೇ?

ಹಾಗೇನೂ ಇಲ್ಲ, ಅವರ ಕೈ ನಿಜವಾಗಿಯೂ ಸುಧಾರಿಸಿರಬಹುದು. ಹುಸಿ ಇಂಜೆಕ್ಷನ್ ಪಡೆದವರ ಕೈಯೂ ಸುಧಾರಿಸಿತ್ತಲ್ಲ! ಸ್ಕ್ಲೆರೋಡರ್ಮಾ ಏರುಪೇರಾಗುತ್ತಾ ಸಾಗುವ ಕಾಯಿಲೆ. ಅನೇಕರಲ್ಲಿ ಮೊದಲ ಕೆಲವು ವರ್ಷ ಚರ್ಮ ಬಿಗಿಯುತ್ತಾ ಹೋಗಿ, ಆಮೇಲೆ ತಾನಾಗಿಯೇ ಸ್ವಲ್ಪ ಸಡಿಲವಾಗುತ್ತದೆ. ಚಳಿಗಾಲ ಕಳೆದರೆ ಬೆರಳಿನ ತೊಂದರೆ ತಗ್ಗುತ್ತದೆ. ಗುಣವಾಗುತ್ತದೆ ಎಂಬ ನಂಬಿಕೆಯೂ ನೋವನ್ನು ಕಡಿಮೆ ಮಾಡಬಲ್ಲದು. ಒಬ್ಬರ ವಿಡಿಯೊ ನೋಡಿ ಇದು ಇಂಜೆಕ್ಷನ್ನಿನ ಫಲವೋ, ಕಾಯಿಲೆಯ ಸಹಜ ಏರಿಳಿತವೋ ಎಂದು ಹೇಳಲು ಬರುವುದಿಲ್ಲ. ಹೋಲಿಸಿ ನೋಡುವ ಗುಂಪು ಬೇಕಾಗುವುದು ಅದಕ್ಕೇ.

"ನಮ್ಮದೇ ಕೊಬ್ಬು, ಅಪಾಯವೇನು?"

ಅಮೆರಿಕದ ಫ್ಲಾರಿಡಾದಲ್ಲಿ ವಯಸ್ಸಿನಿಂದ ದೃಷ್ಟಿ ಮಂಜಾಗಿದ್ದ ಮೂವರು ವೃದ್ಧೆಯರು ತಲಾ 5,000 ಡಾಲರ್ ಕೊಟ್ಟು ತಮ್ಮದೇ ಕೊಬ್ಬಿನ ಜೀವಕೋಶಗಳನ್ನು ಕಣ್ಣಿಗೆ ಚುಚ್ಚಿಸಿಕೊಂಡರು. ಮೂವರ ದೃಷ್ಟಿಗೂ ತೀವ್ರ ಹಾನಿಯಾಯಿತು. 2017ರಲ್ಲಿ ವೈದ್ಯಕೀಯ ಪತ್ರಿಕೆಯೊಂದು ಇದನ್ನು ವರದಿ ಮಾಡಿತು. ಬೆರಳಿಗೆ ಚುಚ್ಚುವುದು ಕಣ್ಣಿಗೆ ಚುಚ್ಚಿದಷ್ಟು ಅಪಾಯಕಾರಿಯಲ್ಲ. ಆದರೂ ಜೀವಕೋಶ ನಮ್ಮದು ಎಂದ ಮಾತ್ರಕ್ಕೆ ಚಿಕಿತ್ಸೆ ಸುರಕ್ಷಿತವಾಗುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ "ಮಾತ್ರೆ ಬೇಡ" ಎಂಬ ಸಾಲಿನಲ್ಲಿದೆ. ಶ್ವಾಸಕೋಶಕ್ಕೆ ತೊಂದರೆಯಾದಾಗ ಮೈಕೋಫಿನೊಲೇಟ್, ನಿಂಟೆಡಾನಿಬ್‌ನಂಥ ಔಷಧಗಳು ಹಾನಿಯ ವೇಗ ತಗ್ಗಿಸುತ್ತವೆ. ಒಮ್ಮೆ ಗಟ್ಟಿಯಾದ ಶ್ವಾಸಕೋಶ ಮತ್ತೆ ಮೊದಲಿನಂತಾಗುವುದು ಕಷ್ಟ. ಫಾರ್ವರ್ಡ್ ನಂಬಿ ಔಷಧ ಬಿಟ್ಟರೆ ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ.

ಹೆಸರು ಒಂದೇ, ಚಿಕಿತ್ಸೆ ಬೇರೆ

"ಸ್ಟೆಮ್ ಸೆಲ್‌ನಿಂದ ಸ್ಕ್ಲೆರೋಡರ್ಮಾಗೆ ಅನುಕೂಲ" ಎಂಬ ಸುದ್ದಿ ನೀವು ಓದಿದ್ದರೆ ಅದು ಸುಳ್ಳಲ್ಲ, ಆದರೆ ಅದು ಬೇರೆ ಚಿಕಿತ್ಸೆ. ಪ್ರಬಲ ಔಷಧಗಳಿಂದ ರೋಗನಿರೋಧಕ ವ್ಯವಸ್ಥೆಯನ್ನು ಬಹುತೇಕ ಅಳಿಸಿ, ರೋಗಿಯದೇ ರಕ್ತದಿಂದ ಮೊದಲೇ ತೆಗೆದಿಟ್ಟ ಸ್ಟೆಮ್ ಸೆಲ್ ಮರಳಿ ಕೊಡುವ ವಿಧಾನ ಅದು. ಯುರೋಪಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ಗುಂಪಿನ 79 ಜನರಲ್ಲಿ 8 ಮಂದಿ ಮೊದಲ ವರ್ಷವೇ ಚಿಕಿತ್ಸೆಯ ಕಾರಣದಿಂದ ತೀರಿಕೊಂಡರು. ಆದರೂ ದೀರ್ಘಕಾಲದಲ್ಲಿ ಬದುಕುಳಿದವರ ಪ್ರಮಾಣ ಈ ಗುಂಪಿನಲ್ಲೇ ಹೆಚ್ಚಿತ್ತು. ಹಾಗಾಗಿ ಇದನ್ನು ರೋಗ ತೀವ್ರವಾಗಿರುವ, ಆಯ್ದ ರೋಗಿಗಳಿಗೆ ಮಾತ್ರ ದೊಡ್ಡ ಆಸ್ಪತ್ರೆಗಳಲ್ಲಿ ಮಾಡುತ್ತಾರೆ.

ಹಣ ಕಟ್ಟುವ ಮುನ್ನ

ಐಸಿಎಂಆರ್ ಮತ್ತು ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯ ಪ್ರಕಾರ, ಇನ್ನೂ ಸಾಬೀತಾಗದ ಸ್ಟೆಮ್ ಸೆಲ್ ಪ್ರಯೋಗವನ್ನು ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ ಮಾಡಬೇಕು. ಹಾಗಾಗಿ ಈ ಮೂರು ಪ್ರಶ್ನೆ ಕೇಳಿ:

1. ಇದು ಟ್ರಯಲ್ ಆಗಿದ್ದರೆ, ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಜಾಲತಾಣದಲ್ಲಿ ಇದರ ಸಂಖ್ಯೆ ಎಷ್ಟು? ಎಥಿಕ್ಸ್ ಸಮಿತಿಯ ಒಪ್ಪಿಗೆ ಇದೆಯೇ?
2. ಟ್ರಯಲ್ ಎಂದರೆ ನನ್ನಿಂದ ಹಣ ಕೇಳುತ್ತಿರುವುದೇಕೆ? ಸರಿಯಾದ ಟ್ರಯಲ್‌ನಲ್ಲಿ ಪ್ರಯೋಗದ ಚಿಕಿತ್ಸೆಗೆ ರೋಗಿ ದುಡ್ಡು ಕೊಡಬೇಕಿಲ್ಲ.
3. ನನ್ನ ಈಗಿನ ಔಷಧ ನಿಲ್ಲಿಸಲು ಹೇಳುತ್ತಿದ್ದೀರಾ? "ಹೌದು" ಎಂದರೆ ಮೊದಲು ನಿಮ್ಮ ರುಮಟಾಲಜಿಸ್ಟ್ ಹತ್ತಿರ ಹೋಗಿ.

ನಮ್ಮ ತೀರ್ಮಾನ: ಈ ಸಂದೇಶ ದಾರಿ ತಪ್ಪಿಸುವಂಥದ್ದು. ಕೊಬ್ಬಿನ ಸ್ಟೆಮ್ ಸೆಲ್ ಕುರಿತ ಸಂಶೋಧನೆ ನಿಜ, ಗುಣವಾಗುತ್ತದೆ ಎಂಬ ಭರವಸೆ ನಿಜವಲ್ಲ. ಆ ಫಾರ್ವರ್ಡ್ ಬಂದ ಗುಂಪಿನಲ್ಲೇ ಇದನ್ನೂ ಹಂಚಿಕೊಳ್ಳಿ. ಅಲ್ಲಿ ಯಾರೋ ಒಬ್ಬರು ನಾಳೆ ಬೆಳಿಗ್ಗೆಯ ಮಾತ್ರೆ ಬಿಡುವ ಯೋಚನೆಯಲ್ಲಿರಬಹುದು.